ಬಾಟಲಿ ಹಿಡಿದು ನಿಂತವಳು

ವೈಜಯಂತಿ ಅಕ್ಕನವರಿಗೆ,

ಹೌಸಾ ಖಾಡೆಯ ನಮಸ್ಕಾರ. ಇದು ರೂಢಿಯ ನಮಸ್ಕಾರ, ಇದರಲ್ಲಿ ಬೇರೇನೂ ಹುಡುಕಬೇಡಿ.

ನಿಮ್ಮ ಆಮಂತ್ರಣ ತಲುಪಿತು. ವಿಜಯಿನಿ ಬಳಗಕ್ಕೆ ಐದು ವರ್ಷ ತುಂಬಿತಂತೆ. ಕ್ಯಾನ್ಸರ್ ಗೆದ್ದ ಅರವತ್ತು ಹೆಂಗಸರು ಕೇಸರಿ ಫೇಟಾ ಸುತ್ತಿಕೊಂಡು ರಂಕಾಳಾ ಕೆರೆಗೆ ಒಂದು ಸುತ್ತು ಹಾಕುತ್ತಾರಂತೆ, ಮುಂದೆ ಲೇಝಿಮ್ ಕುಣಿತ, ಹಿಂದೆ ನಗರಸೇವಕರು. ಕೆಳಗೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದೀರಿ: ದಿವಂಗತ ಶೇವಂತಾ ಮಾಳಿ ಅವರಿಗೆ ಶ್ರದ್ಧಾಂಜಲಿ ಇದೆ, ನೀನು ಎರಡು ಮಾತು ಆಡಬೇಕು, ಅವಳದೊಂದು ಫೋಟೋ ಇದ್ದರೆ ಕಳಿಸು, ನಮ್ಮಲ್ಲಿ ಒಂದೂ ಸಿಗಲಿಲ್ಲ.

ಒಂದೂ ಸಿಗಲಿಲ್ಲ ಎಂದು ಬರೆಯುವಾಗ ನಿಮ್ಮ ಕೈ ಒಂದಿಷ್ಟೂ ನಡುಗಲಿಲ್ಲವೇ? ಅಕ್ಷರ ನೋಡಿದರೆ ಹಾಗೆ ಕಾಣುವುದಿಲ್ಲ. ಮೂವತ್ತು ವರ್ಷ ಮಕ್ಕಳ ಕಾಪಿ ಬರಹ ತಿದ್ದಿದ ಹೆಡ್‌ಮಾಸ್ತರಿಣಿಯ ಕೈ ಅದು. ನಾನೋ, ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ನನ್ನ ಬಾಯಿ ಎಂಥದೆಂದು ನಿಮಗೆ ಗೊತ್ತು. ಆ ಎರಡು ಮಾತನ್ನು ವೇದಿಕೆಯ ಮೇಲೆ ಆಡಿದರೆ ನಿಮ್ಮ ಮರ್ಯಾದೆ ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೀಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದವರು ನೀವು. ನಿಮಗೂ ನನಗೂ ಎದೆಯ ಗಡ್ಡೆ, ಒಂದೇ ಔಷಧಿ, ಒಂದೇ ವಾಕರಿಕೆ. ಡಾಕ್ಟರು ನಡೆಯಿರಿ ಅಂದಾಗ ಒಬ್ಬಳೇ ಹೊರಗೆ ಹೋಗಲು ನಾಚಿಕೆಯಾಗುತ್ತದೆ ಅಂದಿರಿ. ಬೋಳು ತಲೆಗೆ ಸೆರಗು ಹೊದ್ದು ಕೆರೆಯ ದಂಡೆಗೆ ಬಂದೆವು. ನೂರು ಹೆಜ್ಜೆ ನಡೆದು ಕಲ್ಲುಬೆಂಚು ಹಿಡಿಯುತ್ತಿದ್ದೆವು. ಒಂದು ದಿನ ನೀವು ನಡುದಾರಿಯಲ್ಲಿ ವಾಂತಿ ಮಾಡಿಕೊಂಡಾಗ ತಲೆಯ ಮೇಲಿನ ಸೊಪ್ಪಿನ ಬುಟ್ಟಿ ಇಳಿಸಿ, ಸೊಪ್ಪಿಗೆ ಚಿಮುಕಿಸುವ ನೀರಿನಿಂದಲೇ ನಿಮ್ಮ ಮುಖ ತೊಳೆದವಳು ಶೇವಂತಾ. ಚಿಕ್ಕಂದಿನಿಂದ ಹಲ್ಲಿಗೆ ಮಿಶ್ರಿ ಉಜ್ಜುತ್ತಿದ್ದವಳು ಅವಳು. ಸುಟ್ಟ ತಂಬಾಕಿನ ಆ ಪುಡಿ ಅವಳ ಬಲದವಡೆಯನ್ನೇ ತಿಂದಿತ್ತು. ಡಾಕ್ಟರು ಅರ್ಧ ದವಡೆ ತೆಗೆದು, ತೊಡೆಯ ಮಾಂಸ ತಂದು ಹೊಲಿದಿದ್ದರು. ಅವಳ ಮಾತು ಅರ್ಥವಾಗಲು ನಮಗೆ ಒಂದು ವಾರ ಬೇಕಾಯಿತು. ಅರ್ಥವಾದ ಮೇಲೆ ಅವಳ ತಮಾಷೆಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ಆಮೇಲೆ ಹೆಂಗಸರು ಹೆಚ್ಚಾದರು. ನೀವು ಬಳಗಕ್ಕೆ ಹೆಸರಿಟ್ಟಿರಿ, ನೇರಳೆ ಟೀ-ಶರ್ಟ್ ಹೊಲಿಸಿದಿರಿ, ಕೊರಳಿಗೆ ಸೀಟಿ ಕಟ್ಟಿಕೊಂಡಿರಿ. ಒಂದು ಸುತ್ತಿಗೆ ಇಂತಿಷ್ಟೇ ನಿಮಿಷ ಎಂದಿರಿ. ಹಿಂದೆ ಬಿದ್ದವಳನ್ನು ಎಲ್ಲರೆದುರು ಮನಸ್ಸು ಗಟ್ಟಿಯಿಲ್ಲದವಳು ಎಂದಿರಿ. ಪತ್ರಿಕೆಯವರು ಬಂದರೆ, ರೋಗವನ್ನು ನಾನು ಇಚ್ಛಾಶಕ್ತಿಯಿಂದ ಒದ್ದೋಡಿಸಿದೆ ಎಂದು ಹೇಳುತ್ತಿದ್ದಿರಿ. ಅಕ್ಕ, ನಿಮ್ಮನ್ನು ಉಳಿಸಿದ್ದು ಔಷಧಿ, ಡಾಕ್ಟರು, ಮತ್ತು ಗಡ್ಡೆ ಬೇಗ ಕಂಡದ್ದು. ಸತ್ತವರಿಗೆ ಇಚ್ಛಾಶಕ್ತಿ ಇರಲಿಲ್ಲವೇನು?

ಇನ್ನು ಫೋಟೋದ ವಿಷಯ. ಪ್ರತಿ ಭಾನುವಾರ ಮಿಸಳ್ ತಿನ್ನುವ ಮುಂಚೆ ಫೋಟೋ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೀವು ಮೆಲ್ಲಗೆ ಅನ್ನುತ್ತಿದ್ದಿರಿ, “ಶೇವಂತಾ, ಇವರ ಬಾಟಲಿಗಳನ್ನ ಸ್ವಲ್ಪ ಹಿಡ್ಕೊಂಡು ಆ ಕಡೆ ನಿಂತ್ಕೋ.” ಅವಳು ಹತ್ತು ಹನ್ನೆರಡು ಬಾಟಲಿಗಳನ್ನು ಎದೆಗವುಚಿಕೊಂಡು ಫೋಟೋ ತೆಗೆಯುವವನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಮೊದಲ ಸಲ ಅದು ಆಕಸ್ಮಿಕ ಅಂದುಕೊಂಡೆ. ನಾಲ್ಕನೆಯ ಸಲಕ್ಕೆ ಅರ್ಥವಾಯಿತು. ಗೆದ್ದವಳ ಮುಖ ನಿಮ್ಮ ಹಾಗೆ ದುಂಡಗಿರಬೇಕು, ಹೊಲಿಗೆ ಕಾಣಬಾರದು, ಜೊಲ್ಲು ಸುರಿಯಬಾರದು. ನಮ್ಮ ಹೊಲಿಗೆ ಟೀ-ಶರ್ಟಿನೊಳಗೆ ಇತ್ತು ನೋಡಿ, ನಾವು ಪಾಸಾದೆವು. ಈಗ ಅವಳ ಫೋಟೋ ಸಿಗಲಿಲ್ಲವಂತೆ. ಸಿಗುವುದಾದರೂ ಎಲ್ಲಿಂದ?

ಹೋದ ವರ್ಷ ಮಾಘದಲ್ಲಿ ಅವಳ ಕುತ್ತಿಗೆಯಲ್ಲಿ ಮತ್ತೆ ಗಡ್ಡೆ ಎದ್ದಿತು. ಬೆಂಚಿನ ಮೇಲೆ ಕೂತು, ಸೊಪ್ಪಿನ ದರ ಹೇಳಿದಷ್ಟೇ ಸಹಜವಾಗಿ ಹೇಳಿದಳು. ಹೊಸದಾಗಿ ಸೇರಿದ್ದ ಒಬ್ಬಾಕೆ ಅಳತೊಡಗಿದಳು. ನೀವು ಶೇವಂತಾಳನ್ನು ಹುಣಸೆಮರದ ಕೆಳಗೆ ಕರೆದೊಯ್ದಿರಿ. ನಾನು ಹಿಂದೆಯೇ ನಿಂತಿದ್ದೆ, ನಿಮಗೆ ಗೊತ್ತಿರಲಿಲ್ಲ.

“ನೀನು ಬಂದು ಕೂತ್ರೆ ಉಳಿದೋರ ಧೈರ್ಯ ಹೋಗ್ತದೆ. ಇದು ಗೆದ್ದೋರ ಬಳಗ. ಎಲ್ಲಾ ಸರಿಹೋದ ಮೇಲೆ ಬಾ.”

ಅವಳು ತಲೆಯಾಡಿಸಿದಳು. ಮರುದಿನ ಟೀ-ಶರ್ಟನ್ನು ಒಗೆದು ಮಡಿಸಿ ನಿಮ್ಮ ಮನೆಯ ಗೇಟಿಗೆ ಸಿಕ್ಕಿಸಿ ಹೋದಳು.

ನಾನೇನು ಮಾಡಿದೆ ಕೇಳಿ. ಬಸ್ಸಿನಲ್ಲಿ ಕುಡುಕರ ಕುತ್ತಿಗೆಪಟ್ಟಿ ಹಿಡಿದು ಇಳಿಸುತ್ತಿದ್ದ ಹೌಸಾ ಆ ದಿನ ಬಾಯಿಬಿಡಲಿಲ್ಲ. ನಿಮ್ಮ ಹಿಂದೆ ಸುತ್ತು ಮುಗಿಸಿದೆ, ಮಿಸಳ್ ತಿಂದೆ, ಎರಡನೇ ಸಲ ಅದರ ಖಾರದ ರಸ್ಸಾ ಕೂಡ ಹಾಕಿಸಿಕೊಂಡೆ. ನಿಮ್ಮ ಬಗ್ಗೆ ನನಗಿರುವ ಹೇಸಿಗೆಯಲ್ಲಿ ಒಂದು ಪಾಲು ನನ್ನದೇ, ಅದನ್ನು ಬೇರೆ ಯಾರಿಗೂ ಹೊರಿಸುವುದಿಲ್ಲ.

ಮೂರನೆಯ ದಿನ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಮೆಂತ್ಯದ ಸಿವುಡು ಕಟ್ಟುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಸೊಪ್ಪು ಎತ್ತಿಕೊಂಡೆ. ಅವಳೇ ಅಂದಳು, “ಅಳಾಕ ಬಂದೀಯೋ, ನಡಿಯಾಕ ಬಂದೀಯೋ? ನಡಿಯಾಕಂದ್ರ ಚಪ್ಪಲಿ ಹಾಕ್ಕೊಂತೀನಿ.”

ಅಂದಿನಿಂದ ನಾವಿಬ್ಬರೂ ಕೆರೆಯನ್ನು ಉಲ್ಟಾ ಸುತ್ತತೊಡಗಿದೆವು. ಅದು ಅವಳದೇ ಉಪಾಯ. ಹಾಗಾಗಿ ದಿನಾ ಬೆಳಿಗ್ಗೆ ನಿಮ್ಮ ನೇರಳೆ ದಂಡು ನಮಗೆ ಎದುರಾಗುತ್ತಿತ್ತು. ದಿನಾ ಶೇವಂತಾ ಕೈಯೆತ್ತಿ, “ಅಕ್ಕಾರ, ಆರಾಮ ಅದೀರೇನ್ರಿ?” ಅನ್ನುತ್ತಿದ್ದಳು. ನೀವು ದಿನಾ ನೀರಿನ ಕಡೆ ಮುಖ ತಿರುಗಿಸುತ್ತಿದ್ದಿರಿ. ಅಷ್ಟೊಂದು ನೋಡಲು ಆ ನೀರಿನಲ್ಲಿ ಏನಿತ್ತು? ಒಂದು ದಿನ ನಿಮ್ಮ ಸಾಲಿನಿಂದ ಪರ್ವೀನ್ ಶಿಕಲಗಾರ್ ಹೊರಬಂದು ನಮ್ಮ ಕಡೆ ತಿರುಗಿ ನಡೆದಳು. ನೀವು ಸೀಟಿ ಊದಿದಿರಿ. ಅವಳು ತಿರುಗಿ ನೋಡಲಿಲ್ಲ. ಮಳೆಗಾಲದ ಹೊತ್ತಿಗೆ ನಾವು ಏಳು ಜನ ಆಗಿದ್ದೆವು.

ನಾನು ನಿಮ್ಮನ್ನು ಬೈಯುತ್ತಿದ್ದರೆ ಅವಳಿಗೆ ಸೇರುತ್ತಿರಲಿಲ್ಲ. “ಬಿಡ ಹೌಸಾ. ನನ್ನ ಮಾರಿ ಕಂಡ್ರ ಆಕಿಗೆ ಅಂಜಿಕಿ. ಅಂಜಿದಾಕಿಗೆ ಏನ್ ಬೈತಿ?” ಅಂದಳು. ಅವಳು ನನಗಿಂತ ದೊಡ್ಡವಳು. ಬೈಯುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಕೆರೆಯ ಸುತ್ತು ಅರ್ಧವಾಯಿತು, ಅರ್ಧ ಹೋಗಿ ಅವಳ ಓಣಿಯ ತುದಿಯಾಯಿತು. ದೀಪಾವಳಿಯ ಹೊತ್ತಿಗೆ ಹೊಸ್ತಿಲಿಂದ ಅಂಗಳದ ತುಳಸಿಯವರೆಗೆ ಮಾತ್ರ. ಉಳಿದ ಆರು ಜನವೂ ಅವಳ ಮನೆಗೇ ಬರುತ್ತಿದ್ದೆವು. ಇಬ್ಬರು ರಟ್ಟೆ ಹಿಡಿಯುತ್ತಿದ್ದರು, ಉಳಿದವರು ಹಿಂದೆ ನಡೆಯುತ್ತಿದ್ದರು, ಒಂಬತ್ತೇ ಹೆಜ್ಜೆ. ಯಾರೂ ಗಡಿಯಾರ ನೋಡಲಿಲ್ಲ. ಕೊನೆಯ ವಾರ ಹಾಸಿಗೆಯಲ್ಲಿ ಪಾದ ಮಾತ್ರ ಆಡಿಸಿ, ನಾ ನಡದೇನಿ, ನೀವು ಚಾ ಕುಡೀರಿ ಅನ್ನುತ್ತಿದ್ದಳು. ಮಾರ್ಗಶಿರದ ಒಂದು ಗುರುವಾರ ಬೆಳಿಗ್ಗೆ ಹೋದಳು. ಹೊತ್ತೊಯ್ಯುವಾಗ ಹೆಂಗಸರು ಬರಬಾರದು ಅಂದರು, ನಾವು ಪಂಚಗಂಗಾ ನದಿಯ ಸ್ಮಶಾನ ಘಾಟಿನವರೆಗೂ ನಡೆದೆವು. ನೀವು ಫೋನಿನಲ್ಲಿ ಕೈಮುಗಿದ ಚಿತ್ರ ಕಳಿಸಿದಿರಿ.

ಈಗ ಅವಳನ್ನು ವೀರವನಿತೆ ಮಾಡಲು ಹೊರಟಿದ್ದೀರಿ. ಸತ್ತವಳು ಜೊಲ್ಲು ಸುರಿಸುವುದಿಲ್ಲ, ಅನುಕೂಲ. ಫೋಟೋ ಕಳಿಸುವುದಿಲ್ಲ. ನಾನೂ ಬರುವುದಿಲ್ಲ, ಆ ಏಳರಲ್ಲಿ ಉಳಿದ ಯಾರೂ ಬರುವುದಿಲ್ಲ. ನಿಮ್ಮ ಬಾಯಲ್ಲಿ ಅವಳ ಹೆಸರು ಬರಕೂಡದು, ಅಷ್ಟೇ ನನ್ನ ಬೇಡಿಕೆ.

ಇನ್ನೊಂದು ವಿಷಯ, ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೋದ ವಾರ ತಪಾಸಣೆಗೆ ಹೋದಾಗ ನರ್ಸ್ ನಿಮ್ಮ ಬಗ್ಗೆ ಕೇಳಿದಳು. ವೈಜಯಂತಿ ಸರನೋಬತ್ ಬಾಯಿ ಎರಡು ವರ್ಷದಿಂದ ಬಂದೇ ಇಲ್ಲ, ಫೋನೂ ಎತ್ತುವುದಿಲ್ಲ, ನೀವಾದರೂ ಹೇಳಿ ಅಂದಳು. ಅಕ್ಕ, ಅರವತ್ತು ಜನರಿಗೆ ಧೈರ್ಯ ಹಂಚುವ ನಿಮಗೆ ಒಂದು ಸ್ಕ್ಯಾನ್ ಮಾಡಿಸಿಕೊಳ್ಳುವಷ್ಟು ಧೈರ್ಯ ಉಳಿದಿಲ್ಲ. ಶೇವಂತಾ ಸರಿಯಾಗಿಯೇ ಹೇಳಿದ್ದಳು.

ಹೋಗಿ ತೋರಿಸಿಕೊಳ್ಳಿ. ಜೊತೆಗೆ ಯಾರೂ ಇಲ್ಲದಿದ್ದರೆ ನಾನು ಬರುತ್ತೇನೆ, ಮಾತಾಡಿಸುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ವರದಿ ಚೆನ್ನಾಗಿ ಬರಲಿ, ನೂರು ವರ್ಷ ಬಾಳಿ. ಇದನ್ನು ಮಾತ್ರ ನಿಜವಾಗಿ ಹಾರೈಸುತ್ತಿದ್ದೇನೆ. ಒಂದು ವೇಳೆ ವರದಿ ಚೆನ್ನಾಗಿ ಬರದಿದ್ದರೆ ನಿಮ್ಮ ಬಳಗದವರಿಗೆ ಹೇಳಬೇಡಿ. ಅವರು ನಿಮ್ಮಿಂದಲೇ ಕಲಿತವರು.

ನಮ್ಮ ಕಡೆ ಬನ್ನಿ. ನಾವು ನಿಧಾನ ನಡೆಯುತ್ತೇವೆ.

ಇಂತಿ,
ಇನ್ನೂ ನಿಮ್ಮನ್ನು ಕ್ಷಮಿಸದ,
ಹೌಸಾ ಖಾಡೆ
ಮಂಗಳವಾರ ಪೇಠ, ಕೊಲ್ಹಾಪುರ