ಪೊದೆಯೊಳಗಿರುವವನಿಗೂ ಒಂದು ವಾಕಿಟಾಕಿ

ಕೆಂಪರಾಜು,

ನಮ್ಮ ಸಂಘದ ಮೆರವಣಿಗೆಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ನಿಮ್ಮ ಶೇಷಾದ್ರಿಪುರಂ ಧಣಿ ಹಂದಿ ಬೇಟೆಗೆ ಎರಡು ವಾಕಿಟಾಕಿ ತರಿಸಿದ್ದಾರೆ ಎಂದು ನಿನ್ನೆ ನೀನು ಹಿಗ್ಗಿ ಹಿಗ್ಗಿ ಹೇಳಿದೆ. ಒಂದು ಅವರಿಗೆ, ಇನ್ನೊಂದು ಅವರ ಭಾವನಿಗೆ. ಕೋವಿ ಹಿಡಿದವರು ತಾವು ತಾವೇ ಮಾತಾಡಿಕೊಳ್ಳುತ್ತಾರೆ. ಜೀಪು ಓಡಿಸಲು ಸೇರಿದ ನಿನ್ನನ್ನು ಡಬ್ಬ ಬಡಿದು ಹಂದಿ ಎಬ್ಬಿಸಲು ಪೊದೆಗೆ ನುಗ್ಗಿಸುತ್ತಾರಲ್ಲ, ನಿನ್ನ ಕೈಗೆ ಮಾತ್ರ ಇಲ್ಲ. ಹೋದ ಸಲ ಕೋವಿಯ ಚರೆ ನಿನ್ನ ತೋಳು ಸವರಿದಾಗ "ಹಂದಿ ಅಂದ್ಕೊಂಡೆ ಕಣೋ" ಎಂದು ಧಣಿ ನಕ್ಕರಂತೆ. ನೀನೂ ನಕ್ಕೆಯಂತೆ. ಗಾಯಕ್ಕೆ ಅರಿಶಿನ ಹಚ್ಚಿದವಳು ನಾನು, ನನಗೆ ನಗು ಬರಲಿಲ್ಲ.

ಇವತ್ತು ಒಂದನ್ನು ಕೇಳಿ ಇಸಕೋ. "ನಾನು ಎಲ್ಲಿದೀನಿ ಅಂತ ಇದರಲ್ಲಿ ಹೇಳೋವರೆಗೂ ಹೊಡೀಬೇಡಿ" ಅನ್ನು. ಗುಂಡಿ ಒತ್ತಿ ಹೇಳು, ಬಿಟ್ಟು ಅವರ ಉತ್ತರ ಕೇಳಿಸಿಕೋ, ಆಮೇಲೆ ಹೆಜ್ಜೆ ಇಡು. ಕೊಡದಿದ್ದರೆ ಜೀಪಿನಿಂದ ಇಳಿಯಬೇಡ. ಕೆಲಸ ಹೋದರೆ ಹೋಗಲಿ ಕಣೋ, ನಾನಿದ್ದೀನಿ.

ನೀನು ಬಾಯಿ ಬಿಟ್ಟು ಕೇಳುವವನಲ್ಲ, ನನಗೆ ಗೊತ್ತು. ಅದಕ್ಕೇ ನಮ್ಮ ಕೆಂಪು ಬ್ಯಾನರಿನ ಬಟ್ಟೆಯಲ್ಲಿ ಅರ್ಧ ಹರಿದು ಕುರ್ಚಿಯ ಮೇಲಿಟ್ಟಿದ್ದೇನೆ. ತಲೆಗೆ ಸುತ್ತಿಕೋ, ದೂರಕ್ಕೂ ಕಾಣಲಿ. ಘೋಷಣೆಯನ್ನು ನಾವು ಚಿಕ್ಕ ಅಕ್ಷರದಲ್ಲಿ ಬರೆದುಕೊಳ್ಳುತ್ತೇವೆ.

ಅಕ್ಕ