ಮಾವನ ಮಣೆ

ಎರ್ಮಾಳು
2-8-1976

ಕಿಟ್ಟನ ಅಪ್ಪನಿಗೆ ವಾರಿಜಾಳ ನಮಸ್ಕಾರಗಳು.

ಕಾಲಿನ ನೋವು ಹೇಗುಂಟು? ಮಣಿಪಾಲದ ಡಾಕ್ಟರರು ಪ್ಲಾಸ್ಟರು ತೆಗೆಯುವವರೆಗೆ ಮಂಚ ಬಿಟ್ಟು ಇಳಿಯಬೇಡಿ. ಗಂಜಿ ಸಪ್ಪೆ ಅಂತ ನರ್ಸಮ್ಮನ ಹತ್ತಿರ ಜಗಳವೂ ಬೇಡ, ಉಪ್ಪಿನಕಾಯಿ ಕಳುಹಿಸುತ್ತೇನೆ.

ಹುಣ್ಣಿಮೆ ಹತ್ತಿರ ಬಂತು. ಕಡಲಿಗೆ ಹಾಲೆರೆದ ಮೇಲೆ ಈ ವರ್ಷ ಮೀನಿಗೆ ಇಳಿಯುವ ಮೊದಲ ದೋಣಿಗೆ ನಮ್ಮೂರ ಮೀನುಗಾರರ ಯಜಮಾನ, ಗುರಿಕಾರರಾದ ನೀವೇ ಹತ್ತಬೇಕು. ನೀವಿಲ್ಲದಿದ್ದರೆ ನಿಮ್ಮ ನಂತರ ಗುರಿಕಾರನಾಗುವವನು. ಅವನು ನಿಮ್ಮ ತಂಗಿ ಅಪ್ಪಿಯ ಮಗ ದೂಮಪ್ಪ ಅಂತ ಊರೆಲ್ಲ ಹೇಳುತ್ತಿದೆ. ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇಕೆ? ಗಾಳಿ ನೋಡಲು ಕಲಿಸಿದ್ದು ಅವನಿಗೆ. ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡದ್ದು ಅವನನ್ನು. ನಿಮ್ಮ ಸ್ವಂತ ಮಗ ಬಲೆ ಎಳೆದು ಅಂಗೈ ಹರಿದುಕೊಂಡು ಬಂದರೆ "ಎಣ್ಣೆ ಹಚ್ಚು ಮಾರಾಯ" ಅಂದಿರಿ, ಅಷ್ಟೇ. ನೀವು ಆಸ್ಪತ್ರೆಗೆ ಹೋದಂದಿನಿಂದ ನಿಮ್ಮ ಮಣೆಯ ಮೇಲೆ ಕಿಟ್ಟನನ್ನೇ ಕೂರಿಸಿ ಬಡಿಸುತ್ತಿದ್ದೇನೆ.

ಮೊನ್ನೆ ಅವನು ಕೇಳಿದ, "ಅಮ್ಮಾ, ಈ ಅಳಿಯಸಂತಾನ ಅಂದರೆ ಎಂತ? ಎಲ್ಲಿಂದ ಬಂತು?" ಅಳಿಯ ಅಂದರೆ ನಮ್ಮಲ್ಲಿ ಅಕ್ಕತಂಗಿಯರ ಮಗ, ಮಾವನ ನಂತರ ಮನೆತನ ಅವನದು ಅಂದೆ. ನಿಮ್ಮ ಅಮ್ಮ ಹೇಳುತ್ತಿದ್ದ ಕಥೆಯನ್ನೂ ಹೇಳಿದೆ. ಅರಸನ ಹೊಸ ಹಡಗು ನೀರಿಗಿಳಿಯಬೇಕಾದರೆ ಅವನ ಮಕ್ಕಳಲ್ಲೊಬ್ಬನನ್ನು ಬಲಿ ಕೊಡು ಅಂತ ಭೂತ ಕೇಳಿತಂತೆ. ರಾಣಿ ಕೊಡಲಿಲ್ಲ. ಅರಸನ ತಂಗಿ ತನ್ನ ಮಗನನ್ನು ಕಳುಹಿಸಿದಳು. ಭೂತ ಮೆಚ್ಚಿ ಅವನನ್ನು ಬಿಟ್ಟಿತು, ಮಾವನದ್ದೆಲ್ಲ ಅವನಿಗಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಆ ರಾಣಿಯನ್ನು ನಾನೂ ಬೈದಿದ್ದೆ. ನಾನು ಅಂಥವಳಲ್ಲ. ಈ ಸಲ ದೋಣಿಗೆ ಕಿಟ್ಟನೇ ಹತ್ತಲಿ ಅಂತ ಊರಿನ ಹಿರಿಯರಿಗೆ ಎರಡು ಸಾಲು ಬರೆಯಿರಿ. ಅವನಿಗೂ ಅಪ್ಪ ನೀವೇ ಅಲ್ವಾ?

ಉಚ್ಚಿಲದ ಮಹಾಲಕ್ಷ್ಮಿಯಮ್ಮ ನಿಮ್ಮನ್ನು ಬೇಗ ನಡೆಸಿಕೊಂಡು ಮನೆಗೆ ತರಲಿ.

ಇತಿ ನಿಮ್ಮ
ವಾರಿಜಾ

ಮತ್ತೆ, ಲಕೋಟೆ ಅಂಟಿಸುವ ಮೊದಲೇ ಸುದ್ದಿ ಬಂತು. ಉಚ್ಚಿಲದಲ್ಲಿ ಹುಣ್ಣಿಮೆಗೆ ಕಾಯದೆ ಆತುರಪಟ್ಟು ಇಳಿಸಿದ ದೋಣಿಯೊಂದು ಬೆಳಿಗ್ಗೆ ತೆರೆಗೆ ಸಿಕ್ಕಿ ಮಗುಚಿತಂತೆ. ಇಬ್ಬರು ಇನ್ನೂ ಸಿಕ್ಕಿಲ್ಲ. ಮೇಲೆ ಬರೆದದ್ದನ್ನು ಬಿಟ್ಟುಬಿಡಿ. ಕಿಟ್ಟನಿಗೆ ಜ್ವರ ಅಂತ ಊರಿಗೆಲ್ಲ ಹೇಳಿದ್ದೇನೆ. ಅವನಿಗೆ ಜ್ವರವೇನೂ ಇಲ್ಲ. ಅದನ್ನು ಕೇಳಿ ಅಪ್ಪಿ, ನಾನು ಕರೆಯದೆಯೇ ದೋಣಿ ಹತ್ತಲು ದೂಮಪ್ಪನನ್ನು ನಮ್ಮಲ್ಲಿಗೆ ಕಳುಹಿಸಿದ್ದಾಳೆ. ನನ್ನ ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಆದರೂ ಊಟಕ್ಕೆ ನಿಮ್ಮ ಮಣೆಯನ್ನು ಅವನಿಗೇ ಹಾಕಿದ್ದೇನೆ.