ರವಿವಾರದ ಇಪ್ಪತ್ನಾಲ್ಕು ಕರೆಗಳು

ಟ್ರುಗನಿನಾ, ಮೆಲ್ಬರ್ನ್
14 ಸೆಪ್ಟೆಂಬರ್ 2025

ಪ್ರೀತಿಯ ಗೆಳೆಯ ಕಿರಣಕುಮಾರನಿಗೆ,

ಕಲ್ಲಯ್ಯನ ಶರಣು. ನಾವಿಲ್ಲಿ ಆರಾಮ. ಸ್ಕೋಫೀಲ್ಡ್ಸ್‌ನಲ್ಲಿ ನೀವೂ ಆರಾಮವಿದ್ದೀರಿ ಎಂದುಕೊಂಡಿದ್ದೇನೆ. ಎರಡು ವರ್ಷ ಒಂದು ಮಾತೂ ಆಡದೆ ಈಗ ‘ಬರೆಯಲು ತಡವಾಯಿತು’ ಎಂದರೆ ನೀನು ನಗುತ್ತೀಯ. ನಗು. ಫೋನ್ ಮಾಡಿದರೆ ನೀನು ಎತ್ತಲಿಕ್ಕಿಲ್ಲ ಎಂಬ ಹೆದರಿಕೆ ಇತ್ತು. ಎತ್ತಿಬಿಟ್ಟರೆ ನನಗೇ ಮಾತು ಹೊರಡಲಿಕ್ಕಿಲ್ಲ ಎಂಬ ಹೆದರಿಕೆ ಇನ್ನೂ ದೊಡ್ಡದಿತ್ತು. ಅದಕ್ಕೇ ಕಾಗದ. ಇದು ಕ್ಷಮೆ ಕೇಳುವ ಕಾಗದ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನಾನು ಊರ ಸುದ್ದಿಯೆಲ್ಲ ಬರೆದು ಮುಖ್ಯ ಮಾತನ್ನು ನುಂಗಿಬಿಡುವವನು, ನಿನಗೆ ಗೊತ್ತಲ್ಲ.

ನಾವಿಬ್ಬರೂ ಕೂಡಿ ಶುರು ಮಾಡಿದ ಎಸಿ ರಿಪೇರಿ ಕೆಲಸ ಚೆನ್ನಾಗಿಯೇ ನಡೆದಿದೆ. ಈಗ ಮೂರು ವ್ಯಾನ್. ಲೆಕ್ಕಪತ್ರಕ್ಕೆ ಹೊಸದಾಗಿ ಶರ್ಮಿಳಾ ಎಂಬವರು ಬಂದಿದ್ದಾರೆ. ಬೆಂಗಳೂರಿನವರು, ಮನೆ ವಿಂಡಮ್ ವೇಲ್. ಮಾತು ಮೃದು, ಕಣ್ಣು ಮಾತ್ರ ಬಹಳ ಚುರುಕು. ಬಂದ ವಾರವೇ ಆಫೀಸಿನ ಫೋನ್ ಬಿಲ್ಲುಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ನನ್ನನ್ನು ಎದುರು ಕೂರಿಸಿದರು. ಮೊದಲ ಪುಟದ ಮೊತ್ತ ನೋಡಿ ದುಡ್ಡು ಕಟ್ಟಿಬಿಡುವುದೇ ಬಿಲ್ ಓದುವುದು ಎಂದು ನಾನು ತಿಳಿದಿದ್ದೆ. ಲೈನಿನ ಬಾಡಿಗೆ ಬೇರೆ, ಫೋನ್ ಸೆಟ್ಟುಗಳ ಕಂತು ಬೇರೆ, ಕರೆಗಳು ಬೇರೆ, ಅವುಗಳ ಮೇಲೆ ಶೇಕಡಾ ಹತ್ತು ಜಿಎಸ್‌ಟಿ. ಆ ಜಿಎಸ್‌ಟಿಯಲ್ಲಿ ವ್ಯಾಪಾರಕ್ಕೆ ಬಳಸಿದಷ್ಟು ಪಾಲನ್ನು ಮಾತ್ರ ನಾವು ವಾಪಸ್ ಕೇಳಬಹುದು, ಸ್ವಂತಕ್ಕೆ ಬಳಸಿದ್ದನ್ನು ಕೇಳುವಂತಿಲ್ಲ. ಇಷ್ಟನ್ನು ನನ್ನ ತಲೆಗೆ ಇಳಿಸಲು ಪಾಪ ಅವರಿಗೆ ಎರಡು ಲೋಟ ಚಹಾ ಹಿಡಿಯಿತು.

ನೀನು ಹೋದ ಮೇಲೂ ನಿನ್ನ ಟೇಬಲ್ಲಿನ ಲೈನಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೇನೆಂಬುದೂ ಹೊರಬಿತ್ತು. ತೆಗೆಸಿಬಿಡೋಣವೇ ಎಂದು ಕೇಳಿದರು. ಸದ್ಯಕ್ಕೆ ಇರಲಿ ಎಂದೆ.

ಆಮೇಲೆ 2023ರ ಬಿಲ್ಲುಗಳಿಗೆ ಬಂದರು. “ಸರ್, ಪೂರ್ತಿ ಜಿಎಸ್‌ಟಿ ವಾಪಸ್ ತಗೊಂಡಿದ್ದೀರ. ಇದರಲ್ಲಿ ಪರ್ಸನಲ್ ಕಾಲ್ ಒಂದೂ ಇಲ್ವಾ?”

ಇದ್ದವು ಕಿರಣ. ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದ ಇಪ್ಪತ್ನಾಲ್ಕು ಕರೆಗಳು. ಜನವರಿಯಿಂದ ಜೂನ್‌ವರೆಗೆ ಪ್ರತಿ ರವಿವಾರ ಮಧ್ಯಾಹ್ನ ಎರಡರ ಸುಮಾರಿಗೆ, ಇಂಡಿಯಾದ ಒಂದೇ ನಂಬರಿಗೆ. ರವಿವಾರ ಬುಕಿಂಗ್ ನೋಡಿಕೊಳ್ಳುತ್ತಿದ್ದವನು ನೀನೊಬ್ಬನೇ. ಅವ್ವನ ಕಾರ್ಯ ಮುಗಿಸಿ ನಾನು ಧಾರವಾಡದಿಂದ ಬಂದು ಹದಿನೈದು ದಿನವೂ ಆಗಿರಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು, ನೀನು ಸಿಕ್ಕೆ. ಕೆಲಸದ ಹುಡುಗರ ಎದುರಿಗೇ ಬಿಲ್ಲನ್ನು ನಿನ್ನ ಮುಂದೆ ಎಸೆದು, ಕಂಪನಿಯ ಫೋನು ನಿನ್ನ ಮನೆಯದಲ್ಲ ಎಂದೆ. ನೀನು ಬಿಲ್ಲನ್ನೂ ನನ್ನ ಮುಖವನ್ನೂ ನೋಡಿ, “ಪರ್ಸನಲ್ ಅದಾವ ಖರೆ. ನನ್ನ ಪಾಲಿನ್ಯಾಗ ಹಿಡಕೋ” ಎಂದೆ. ಆ ವಾರವೇ ನೀನು ಬಿಟ್ಟು ಹೋಗುವಾಗ ನಾನು ಹಿಡಿದುಕೊಂಡೆ, ಜಿಎಸ್‌ಟಿ ಸಮೇತ. ಟ್ಯಾಕ್ಸ್ ಆಫೀಸಿಗೆ ಮಾತ್ರ ಎಲ್ಲವೂ ವ್ಯಾಪಾರದ ಕರೆ ಎಂದೇ ತೋರಿಸಿದ್ದೆ! ನಿನ್ನನ್ನು ಕಳ್ಳನೆಂದವನ ಪ್ರಾಮಾಣಿಕತೆ ಇಷ್ಟು. ಶರ್ಮಿಳಾ ಈಗ ಅದನ್ನು ಸರಿ ಮಾಡುತ್ತಿದ್ದಾರೆ.

ಸ್ವಂತದ ಕರೆ ಎಂದು ಬರೆಯಲು ಅದು ಯಾರ ನಂಬರ್ ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. ಒಮ್ಮೆ ಒತ್ತಿ ನೋಡಿ ಸರ್ ಎಂದರು. ಬಿಲ್ ನೋಡಿಕೊಂಡು ಒಂದೊಂದೇ ಅಂಕಿಯನ್ನು ನನ್ನ ಮೊಬೈಲಿನಲ್ಲಿ ಒತ್ತಿದೆ. ಕೊನೆಯ ಅಂಕಿ ಒತ್ತಿದಾಗ ಮೇಲೆ ಹೆಸರು ಮೂಡಿತು. ಅವ್ವ.

ಹೆಸರು ಒತ್ತಿ ಫೋನ್ ಮಾಡಿದ್ದೇನೆ ಹೊರತು ಅವಳ ನಂಬರನ್ನು ನಾನು ಒಮ್ಮೆಯೂ ಓದಿರಲಿಲ್ಲ. ನನ್ನ ಅವ್ವನ ನಂಬರಿಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಅಂದು ನೀನು ಒಂದು ಮಾತು ಹೇಳಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಅದಕ್ಕೇ ನೀನು ಬಾಯಿ ಬಿಡಲಿಲ್ಲ ಎಂದು ಈಗ ತಿಳಿಯಿತು. ನನ್ನದು ತಪ್ಪಾಯಿತು, ಕ್ಷಮಿಸು. ನಿನ್ನಿಂದ ಹಿಡಿದ ದುಡ್ಡನ್ನು ವಾಪಸ್ ಕಳಿಸಿ ನಿನಗೆ ಇನ್ನೊಮ್ಮೆ ಅವಮಾನ ಮಾಡುವುದಿಲ್ಲ.

ನಿನ್ನ ಕುರ್ಚಿ ಹಾಗೇ ಇದೆ. ಕೆಲಸಕ್ಕೆ ಬಾ ಎನ್ನುವ ಧೈರ್ಯ ನನಗಿಲ್ಲ, ಊಟಕ್ಕಾದರೂ ಬನ್ನಿ. ಅಮೂಲ್ಯಾಳಿಗೆ ನನ್ನ ನಮಸ್ಕಾರ ಹೇಳು. ಪುಟ್ಟ ಇಂಚರಾಳಿಗೆ ಈ ಅಂಕಲ್‌ನ ಆಶೀರ್ವಾದ. ಅವಳು ಇಂಗ್ಲಿಷಿನಲ್ಲೇ ಥ್ಯಾಂಕ್ಸ್ ಎನ್ನಲಿ, ಪರವಾಗಿಲ್ಲ. ನಿಮ್ಮ ಮನೆ ಸದಾ ತಂಪಾಗಿರಲಿ.

ನಿನ್ನ,
ಕಲ್ಲಯ್ಯ

ತಾ.ಕ.: ಮೇಲೆ ಬರೆಯಲು ಕೈ ಬಾರದ್ದೊಂದು ಉಳಿದಿದೆ. ಆ ಆರು ತಿಂಗಳಲ್ಲಿ ನಾನು ಅವ್ವನಿಗೆ ಫೋನ್ ಮಾಡಿದ್ದು ಎರಡೇ ಸಲ. ಎರಡು ಸಲವೂ ಅವಳು “ಮೊನ್ನೆ ರವಿವಾರ ಹೇಳಿದೆನಲ್ಲೋ” ಎಂದಳು. ಅವ್ವನಿಗೆ ಮರೆವು ಬಂತು ಎಂದುಕೊಂಡೆ. ಕಾರ್ಯಕ್ಕೆ ಬಂದವರೆಲ್ಲ, ಪ್ರತಿ ರವಿವಾರ ತಪ್ಪದೆ ಫೋನ್ ಮಾಡುತ್ತಿದ್ದ ಮಗ ಎಂದು ನನ್ನ ಬೆನ್ನು ತಟ್ಟಿದರು. ಅವ್ವ ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ್ದಾಳೆ ಎಂದುಕೊಂಡು, ತಲೆ ತಗ್ಗಿಸಿ ಆ ಹೊಗಳಿಕೆಯನ್ನೂ ತೆಗೆದುಕೊಂಡೆ. ಹೋದ ವಾರ ತಂಗಿ ಮಹಾಶ್ವೇತಾಳನ್ನು ಕೇಳಿದೆ. ತಾನು ತರಕಾರಿ ತರಲು ಹೋದಾಗಲೇ ಫೋನ್ ಬರುತ್ತಿತ್ತಂತೆ. ನಮ್ಮ ಆಫೀಸಿನ ನಂಬರನ್ನೇ ಅವ್ವ ಮಗನ ನಂಬರ್ ಎಂದು ಗುರುತು ಹಿಡಿಯುತ್ತಿದ್ದಳಂತೆ. ಕಿವಿ ಮಂದ, ನಿನ್ನ ಮಾತೂ ನನ್ನ ಮಾತೂ ಒಂದೇ ಊರಿನವು. ಅವಳು ಕಲ್ಲೂ ಎಂದಾಗ ನೀನು ಅಲ್ಲ ಎನ್ನಲಿಲ್ಲ, ಅಲ್ಲವೇ? ಇದಕ್ಕೆ ನನಗೆ ಸಿಟ್ಟಿಲ್ಲ, ಕಿರಣ. ಒಂದೇ ಒಂದು ಕೇಳುತ್ತೇನೆ. ಆ ಕೊನೆಯ ರವಿವಾರ ಅವ್ವ ನನ್ನನ್ನು ಏನು ಕೇಳಿದಳು, ಅದಕ್ಕೆ ನಾನು ಏನು ಹೇಳಿದೆ? ಅಷ್ಟನ್ನು ಬರೆದು ತಿಳಿಸು.